ಎಸ್‌ಎಫ್‌ಸಿ ಪ್ರತಿ ಸಲ ಬೇರೆ ಫೈಲ್ ತೋರಿಸುತ್ತಿತ್ತು: ಒಂದು ವಿಂಡೋಸ್ ರಿಪೇರಿಯ ದಾಖಲೆ

ಮಷೀನ್ ಅಕ್ಕನದು. ವಿಂಡೋಸ್ 11 ಇರುವ ಡೆಸ್ಕ್‌ಟಾಪ್. ತಲಾ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್, ಒಂದು ಸಾಟಾ ಎಸ್‌ಎಸ್‌ಡಿ. ಲೆಕ್ಕಪತ್ರದ ಕೆಲಸವೆಲ್ಲ ಅದರಲ್ಲೇ ನಡೆಯುತ್ತದೆ. "ಸೆಟ್ಟಿಂಗ್ಸ್ ತೆಗೆದರೆ ತಾನಾಗೇ ಮುಚ್ಕೊಳ್ಳುತ್ತೆ ಕಣೋ, ಅಪ್‌ಡೇಟೂ ಅರ್ಧಕ್ಕೇ ನಿಲ್ಲುತ್ತೆ" ಎಂದಳು. ಜೊತೆಗೆ ಆಗಾಗ 'ಬ್ಯಾಡ್ ಇಮೇಜ್' ಎಂಬ ಪೆಟ್ಟಿಗೆ ಬರುತ್ತಿತ್ತು. ಯಾವುದೋ ಡಿಎಲ್‌ಎಲ್ ಫೈಲ್‌ನಲ್ಲಿ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್) ದೋಷ ಇದೆ ಎನ್ನುತ್ತಿತ್ತು. ಸಿಸ್ಟಂ ಫೈಲ್ ಕರಪ್ಟ್ ಆದಾಗ ಸಾಮಾನ್ಯವಾಗಿ ಕಾಣುವ ಲಕ್ಷಣಗಳೇ ಇವು.

ಮೊದಲೇ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರ ಇದ್ದ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ. ಕಮಾಂಡ್ ಪ್ರಾಂಪ್ಟನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಕೊಟ್ಟೇ ತೆರೆಯಬೇಕು. ಇಲ್ಲದಿದ್ದರೆ ರಿಪೇರಿಯ ಕಮಾಂಡ್‌ಗಳು ಓಡುವುದಿಲ್ಲ.

ರಿಪೇರಿ ಎಂದ ಕೂಡಲೇ ಎಲ್ಲರೂ ಹೇಳುವುದು 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ' ಓಡಿಸು ಅಂತ. ಕೆಟ್ಟ ಸಿಸ್ಟಂ ಫೈಲ್ ಹುಡುಕಿ ಸರಿಮಾಡುವ ವಿಂಡೋಸ್‌ನದೇ ಕಮಾಂಡ್ ಅದು. ನಾನು ಅದಕ್ಕೂ ಮುಂಚೆ ಫೈಲ್‌ಗಳ ಬ್ಯಾಕಪ್ ತೆಗೆಯುತ್ತೇನೆ. ಅದನ್ನೂ ಅದೇ ಮಷೀನ್‌ನಿಂದ ತೆಗೆಯುವುದಿಲ್ಲ. ಅನುಮಾನ ಇರುವ ಕಂಪ್ಯೂಟರ್‌ನಿಂದ ಕಾಪಿ ಮಾಡಿದರೆ ಆ ಕಾಪಿಯ ಮೇಲೂ ಅನುಮಾನ ಉಳಿಯುತ್ತದೆ, ಅಲ್ವಾ? ಎಸ್‌ಎಸ್‌ಡಿ ಬಿಚ್ಚಿ, ಯುಎಸ್‌ಬಿ ಅಡಾಪ್ಟರ್‌ನಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಹಾಕಿ, ಅಕ್ಕನ ಫೋಲ್ಡರ್‌ಗಳನ್ನು ಬೇರೊಂದು ಡಿಸ್ಕ್‌ಗೆ ಇಳಿಸಿಕೊಂಡೆ.

ಇಲ್ಲಿ ಎರಡು ವಿಷಯ ಗಮನಿಸಬೇಕು. ಡಿಸ್ಕ್ ಬಿಚ್ಚುವ ಮುಂಚೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಡಿ. ಸಾಮಾನ್ಯ ಶಟ್‌ಡೌನ್‌ನಲ್ಲಿ 'ಫಾಸ್ಟ್ ಸ್ಟಾರ್ಟಪ್' ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಕರ್ನಲ್ಲಿನ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಎರಡನೆಯದು ಬಿಟ್‌ಲಾಕರ್. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಬೇರೆ ಮಷೀನ್ ರಿಕವರಿ ಕೀ ಕೇಳುತ್ತದೆ. 48 ಅಂಕಿಯ ಆ ಕೀ ಹೆಚ್ಚಾಗಿ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಡಿಸ್ಕ್ ಕೈಯಲ್ಲೇ ಇದ್ದದ್ದರಿಂದ, ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಇಟ್ಟುಕೊಳ್ಳುವ 'ಸ್ಮಾರ್ಟ್' ವಿವರವನ್ನೂ ನೋಡಿದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಸಾಫ್ಟ್‌ವೇರ್ ಇದಕ್ಕೆ ಸಾಕು. ಸಾಟಾ ಡಿಸ್ಕ್ ಆದರೆ ನಾನು ನೋಡುವುದು ನಾಲ್ಕು ಸಾಲು. 5 ಎಂದರೆ ಕೆಟ್ಟು ಬದಲಿ ಹಾಕಿದ ಸೆಕ್ಟರ್. 197 ಎಂದರೆ ಓದಲು ತೊಂದರೆ ಕೊಡುತ್ತಿರುವ, ಇನ್ನೂ ತೀರ್ಮಾನ ಆಗದ ಸೆಕ್ಟರ್. 198 ಎಂದರೆ ಸರಿಪಡಿಸಲಾಗದ್ದು. 199 ಎಂದರೆ ಡಿಸ್ಕ್‌ಗೂ ಮದರ್‌ಬೋರ್ಡ್‌ಗೂ ನಡುವೆ ಡೇಟಾ ಸಾಗುವಾಗ ಆದ ತಪ್ಪು. 199 ಏರುತ್ತಿದ್ದರೆ ಹೆಚ್ಚಿನ ಸಲ ಕೇಬಲ್ ಬದಲಿಸಿದರೆ ಮುಗಿಯಿತು. ಎನ್‌ವಿಎಂಇ ಡ್ರೈವ್‌ಗಳಲ್ಲಿ ಈ ಸಾಲುಗಳು ಇರುವುದಿಲ್ಲ. ಅಲ್ಲಿ 'ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್' ಎಂಬುದನ್ನು ನೋಡಬೇಕು. ನಮ್ಮ ಡಿಸ್ಕ್‌ನಲ್ಲಿ ನಾಲ್ಕೂ ಸೊನ್ನೆ.

ಡಿಸ್ಕನ್ನು ವಾಪಸ್ ಹಾಕಿ 'ಚೆಕ್‌ಡಿಸ್ಕ್ ಸಿ: /ಸ್ಕ್ಯಾನ್' (ಟೈಪ್ ಮಾಡುವುದು chkdsk ಎಂದು) ಓಡಿಸಿದೆ. ವಿಂಡೋಸ್ ನಡೆಯುತ್ತಿರುವಾಗಲೇ ಫೈಲ್ ಸಿಸ್ಟಂ ಪರೀಕ್ಷೆ ಮಾಡುವ ವಿಧಾನ ಇದು. ತೊಂದರೆ ಏನೂ ಇಲ್ಲ ಎಂದಿತು. '/ಆರ್' ಎಂಬ ಇನ್ನೊಂದು ಆಯ್ಕೆ ಇದೆ. ಅದು ಡಿಸ್ಕ್‌ನ ಪ್ರತಿ ಸೆಕ್ಟರ್ ಓದುತ್ತದೆ, ತುಂಬ ಹೊತ್ತು ಹಿಡಿಯುತ್ತದೆ. ಡಿಸ್ಕ್ ಸಾಯುವ ಸ್ಥಿತಿಯಲ್ಲಿದ್ದರೆ ಆ ಶ್ರಮವೇ ಅದಕ್ಕೆ ಜಾಸ್ತಿ ಆಗಬಹುದು. ಸ್ಮಾರ್ಟ್ ನೋಡದೆ '/ಆರ್' ಕೊಡಬೇಡಿ ಎನ್ನುವುದು ಅದಕ್ಕೇ.

ಇಷ್ಟಾದ ಮೇಲೆ ಎಸ್‌ಎಫ್‌ಸಿ.

ಎಸ್‌ಎಫ್‌ಸಿ ಎಂದರೆ ಸಿಸ್ಟಂ ಫೈಲ್ ಚೆಕರ್. ವಿಂಡೋಸ್ 98ರ ಕಾಲದಿಂದಲೂ ಈ ಹೆಸರಿನ ಸಾಧನ ಇದೆ. ಈಗಿನ ರೂಪದಲ್ಲಿ ಅದು ಮಾಡುವ ಕೆಲಸ ಇಷ್ಟು: ರಕ್ಷಿತ ಸಿಸ್ಟಂ ಫೈಲ್‌ಗಳ ಹ್ಯಾಶ್ (ಫೈಲ್‌ನ ಡೇಟಾದಿಂದ ತೆಗೆದ ಬೆರಳಚ್ಚಿನಂಥ ಗುರುತು) ಲೆಕ್ಕ ಹಾಕುತ್ತದೆ, ಇರಬೇಕಾದ ಹ್ಯಾಶ್ ಜೊತೆ ಹೋಲಿಸುತ್ತದೆ, ತಾಳೆ ಆಗದಿದ್ದರೆ ಒಳ್ಳೆಯ ಪ್ರತಿಯನ್ನು ತಂದು ಹಾಕುತ್ತದೆ. ಆ ಒಳ್ಳೆಯ ಪ್ರತಿಗಳು ಇರುವುದು ವಿಂಡೋಸ್ ಫೋಲ್ಡರ್ ಒಳಗಿನ ವಿನ್‌ಎಸ್‌ಎಕ್ಸ್‌ಎಸ್ ಎಂಬ ಜಾಗದಲ್ಲಿ. ಅದನ್ನು ಕಾಂಪೊನೆಂಟ್ ಸ್ಟೋರ್ ಎನ್ನುತ್ತಾರೆ. ಮೇಷ್ಟ್ರು ಉತ್ತರಪತ್ರಿಕೆ ತಿದ್ದುವಾಗ ಕೈಯಲ್ಲಿ ಮಾದರಿ ಉತ್ತರ ಇಟ್ಟುಕೊಂಡ ಹಾಗೆ.

ಆದರೆ ಒಂದು ತೊಡಕಿದೆ. ವಿಂಡೋಸ್‌ನ ಮುಖ್ಯ ಫೈಲ್‌ಗಳಿರುವ ಸಿಸ್ಟಂ32 ಫೋಲ್ಡರ್‌ನಲ್ಲಿ ಕಾಣುವ ಹೆಚ್ಚಿನ ಫೈಲ್‌ಗಳು ಬೇರೆ ಪ್ರತಿಗಳಲ್ಲ. ಅವು ಹಾರ್ಡ್ ಲಿಂಕ್‌ಗಳು. ಅಂದರೆ ಡಿಸ್ಕ್ ಮೇಲೆ ಡೇಟಾ ಇರುವುದು ಒಂದೇ ಕಡೆ, ಹೆಸರು ಮಾತ್ರ ಎರಡು. ಆ ಡೇಟಾ ಕೆಟ್ಟರೆ ಎರಡು ಹೆಸರಿನಲ್ಲೂ ಕೆಟ್ಟದ್ದೇ ಸಿಗುತ್ತದೆ. ಆಗ ಎಸ್‌ಎಫ್‌ಸಿ 'ಕೆಟ್ಟ ಫೈಲ್ ಸಿಕ್ಕಿತು, ಕೆಲವನ್ನು ಸರಿಪಡಿಸಲು ಆಗಲಿಲ್ಲ' ಎಂದು ಕೈ ಚೆಲ್ಲುತ್ತದೆ. ಅದು ಎಸ್‌ಎಫ್‌ಸಿಯ ಸೋಲಲ್ಲ. ಅದರ ಬಳಿ ಕೊಡಲು ಒಳ್ಳೆಯ ಪ್ರತಿಯೇ ಇರುವುದಿಲ್ಲ.

ನಮ್ಮ ಮಷೀನ್‌ನಲ್ಲೂ ಬಂದದ್ದು ಇದೇ ಸಂದೇಶ. ತೆರೆಯ ಮೇಲಿನ ಸಂದೇಶ ನೋಡಿ ನಿಲ್ಲಬೇಡಿ. ನಿಜವಾದ ವಿಷಯ ಇರುವುದು ಲಾಗ್‌ನಲ್ಲಿ. ವಿಂಡೋಸ್ ಫೋಲ್ಡರ್ ಒಳಗೆ ಲಾಗ್ಸ್, ಅದರೊಳಗೆ ಸಿಬಿಎಸ್, ಅಲ್ಲಿ ಸಿಬಿಎಸ್.ಲಾಗ್ ಎಂಬ ಫೈಲ್ ಇರುತ್ತದೆ. ಅದು ದೊಡ್ಡ ಫೈಲ್, ಸುಮ್ನೆ ತೆರೆದರೆ ತಲೆ ಬುಡ ಗೊತ್ತಾಗುವುದಿಲ್ಲ. ಎಸ್‌ಎಫ್‌ಸಿ ಬರೆದ ಸಾಲುಗಳಲ್ಲಿ ಚೌಕ ಕಂಸದೊಳಗೆ ಎಸ್‌ಆರ್ ಎಂಬ ಗುರುತು ಇರುತ್ತದೆ. 'ಫೈಂಡ್‌ಸ್ಟ್ರ್' ಕಮಾಂಡ್‌ನಿಂದ ಆ ಗುರುತಿನ ಸಾಲುಗಳನ್ನಷ್ಟೇ ಬೇರೆ ಟೆಕ್ಸ್ಟ್ ಫೈಲ್‌ಗೆ ತೆಗೆದುಕೊಂಡು, ಅದರಲ್ಲಿ 'ಕ್ಯಾನಾಟ್ ರಿಪೇರ್ ಮೆಂಬರ್ ಫೈಲ್' ಎಂಬ ಸಾಲು ಹುಡುಕಿದೆ. ಮುಂದೆ ಫೈಲ್ ಹೆಸರು, ಕೊನೆಗೆ ಕಾರಣ. ಕಾರಣ 'ಹ್ಯಾಶ್ ಮಿಸ್‌ಮ್ಯಾಚ್' ಎಂದಿತ್ತು. ಅಂದರೆ ಫೈಲ್ ಇದೆ, ಒಳಗಿನ ಡೇಟಾ ಬೇರೆ ಆಗಿದೆ.

ಇಂಥ ಸಾಲು ಕಂಡ ಮಾತ್ರಕ್ಕೆ ಹೆದರಬೇಕಿಲ್ಲ ಎಂಬುದನ್ನೂ ಹೇಳಬೇಕು. 2019ರ ಜುಲೈನಲ್ಲಿ ವಿಂಡೋಸ್‌ನ ಆಂಟಿವೈರಸ್ ಆದ ಡಿಫೆಂಡರ್‌ನ ಒಂದು ಅಪ್‌ಡೇಟ್ ಬಂದ ಮೇಲೆ ಎಷ್ಟೋ ಆರೋಗ್ಯವಂತ ಮಷೀನ್‌ಗಳಲ್ಲಿ ಎಸ್‌ಎಫ್‌ಸಿ ಡಿಫೆಂಡರ್‌ನ ಪವರ್‌ಶೆಲ್ ಫೈಲ್‌ಗಳನ್ನೇ ಕರಪ್ಟ್ ಎಂದು ತೋರಿಸಿತ್ತು. ಫೈಲ್‌ಗಳು ಸರಿಯಾಗೇ ಇದ್ದವು. ಎಸ್‌ಎಫ್‌ಸಿ ಕೈಯಲ್ಲಿದ್ದ ಹ್ಯಾಶ್ ಹಳೆಯದಾಗಿತ್ತು. ಹೆಸರು ಓದಿ, ಆ ಫೈಲ್ ನಿಮ್ಮ ತೊಂದರೆಗೆ ಸಂಬಂಧಪಟ್ಟದ್ದೇ ಎಂದು ಯೋಚಿಸಬೇಕು.

ನಾನು ಹೆಸರುಗಳನ್ನು ಬರೆದಿಟ್ಟುಕೊಂಡೆ. ಮಷೀನ್ ರೀಸ್ಟಾರ್ಟ್ ಮಾಡಿದೆ. ಈ ಸಲ 'ಎಸ್‌ಎಫ್‌ಸಿ /ವೆರಿಫೈಓನ್ಲಿ' ಕೊಟ್ಟೆ. ಇದು ಪರೀಕ್ಷೆ ಮಾತ್ರ ಮಾಡುತ್ತದೆ, ಏನನ್ನೂ ಬದಲಿಸುವುದಿಲ್ಲ. ಲಾಗ್ ತೆಗೆದು ನೋಡಿದರೆ ಪಟ್ಟಿಯೇ ಬೇರೆ. ಮೊದಲು ಕೆಟ್ಟಿದ್ದ ಕೆಲವು ಫೈಲ್ ಈಗ ಸರಿ ಇವೆ. ಮೊದಲು ಸರಿ ಇದ್ದವು ಈಗ ಪಟ್ಟಿಯಲ್ಲಿವೆ. ಒಂದೆರಡು ಹೆಸರು ಮಾತ್ರ ಎರಡೂ ಕಡೆ ಇದ್ದವು.

ಈ ರಿಪೇರಿಯ ತಿರುವು ಇರುವುದೇ ಇಲ್ಲಿ. ಡಿಸ್ಕ್ ಮೇಲೆ ಕೆಟ್ಟು ಕೂತ ಫೈಲ್ ರೀಸ್ಟಾರ್ಟ್ ಆದರೆ ತಾನಾಗಿ ಸರಿಹೋಗುವುದಿಲ್ಲ. ಪಟ್ಟಿ ಬದಲಾಗುತ್ತಿದೆ ಎಂದರೆ, ಕೆಡುತ್ತಿರುವುದು ಫೈಲ್ ಅಲ್ಲ, ಓದುವ ದಾರಿ. ಡಿಸ್ಕ್‌ನಿಂದ ಬಂದ ಡೇಟಾ ರ‍್ಯಾಮ್‌ನಲ್ಲಿ ಕೂತು, ಅಲ್ಲಿಂದ ಹ್ಯಾಶ್ ಲೆಕ್ಕ ಆಗುತ್ತದೆ. ರ‍್ಯಾಮ್‌ನ ಒಂದು ಬಿಟ್ ತಿರುಗಿದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಸಾಮಾನ್ಯ ಡೆಸ್ಕ್‌ಟಾಪ್‌ಗಳಲ್ಲಿ ಇಸಿಸಿ ಮೆಮೊರಿ, ಅಂದರೆ ಇಂಥ ತಪ್ಪನ್ನು ತಾನೇ ಹಿಡಿಯುವ ಮೆಮೊರಿ, ಇರುವುದಿಲ್ಲ. ಬಿಟ್ ತಿರುಗಿದ್ದನ್ನು ಹಿಡಿಯುವವರು ಯಾರೂ ಇಲ್ಲ.

ಇಂಥ ಸ್ಥಿತಿಯಲ್ಲಿ ರಿಪೇರಿ ಕಮಾಂಡ್ ಮತ್ತೆ ಮತ್ತೆ ಓಡಿಸುವುದು ಅಪಾಯ. ಒಳ್ಳೆಯ ಪ್ರತಿ ಕೂಡ ಅದೇ ಕೆಟ್ಟ ರ‍್ಯಾಮ್ ಮೂಲಕವೇ ಹಾದು ಡಿಸ್ಕ್‌ಗೆ ಹೋಗುತ್ತದೆ. ಸರಿಪಡಿಸುವ ಹೆಸರಲ್ಲಿ ಇನ್ನಷ್ಟು ಕೆಡಿಸಿದಂತೆ ಆಗಬಹುದು. ಹಾಗಾಗಿ ರಿಪೇರಿ ಅಲ್ಲಿಗೇ ನಿಲ್ಲಿಸಿದೆ.

ಅನುಮಾನ ಪಕ್ಕಾ ಮಾಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಮಾಡಿದೆ. ಮುಂದೆ ಹೇಗೂ ಬೇಕಾಗುತ್ತದೆ ಎಂದು ವಿಂಡೋಸ್ 11ರ ಐಎಸ್‌ಒ ಫೈಲನ್ನು (ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ಪ್ರತಿ) ಲ್ಯಾಪ್‌ಟಾಪ್‌ನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡಿದ್ದೆ. ಮೈಕ್ರೋಸಾಫ್ಟ್ ಆ ಫೈಲ್‌ನ ಎಸ್‌ಎಚ್‌ಎ256 ಹ್ಯಾಶನ್ನು ಪ್ರಕಟಿಸುತ್ತದೆ. ಲ್ಯಾಪ್‌ಟಾಪ್‌ನಲ್ಲಿ 'ಸರ್ಟ್‌ಯುಟಿಲ್ -ಹ್ಯಾಶ್‌ಫೈಲ್' ಕೊಟ್ಟು, ಫೈಲ್ ಹೆಸರು ಬರೆದು, ಕೊನೆಗೆ ಎಸ್‌ಎಚ್‌ಎ256 ಎಂದು ಸೇರಿಸಿದೆ. ಹ್ಯಾಶ್ ಅಕ್ಷರಕ್ಕೆ ಅಕ್ಷರ ತಾಳೆ ಆಯಿತು. ಅದೇ ಪೆನ್‌ಡ್ರೈವನ್ನು ಅಕ್ಕನ ಮಷೀನ್‌ಗೆ ಚುಚ್ಚಿ, ಕಾಪಿ ಮಾಡದೆ ನೇರ ಪೆನ್‌ಡ್ರೈವ್ ಮೇಲೆಯೇ ಅದೇ ಕಮಾಂಡ್ ಕೊಟ್ಟೆ. ಹ್ಯಾಶ್ ಬೇರೆ. ರೀಸ್ಟಾರ್ಟ್ ಮಾಡಿ ಮತ್ತೆ ಕೊಟ್ಟೆ. ಮೂರನೆಯದೇ ಒಂದು ಹ್ಯಾಶ್ ಬಂತು.

ನಡುವೆ ರೀಸ್ಟಾರ್ಟ್ ಮಾಡುವುದು ಮುಖ್ಯ. ಒಮ್ಮೆ ಓದಿದ ಫೈಲನ್ನು ವಿಂಡೋಸ್ ರ‍್ಯಾಮ್‌ನಲ್ಲೇ ಇಟ್ಟುಕೊಂಡಿರುತ್ತದೆ. ರೀಸ್ಟಾರ್ಟ್ ಮಾಡದಿದ್ದರೆ ಎರಡನೇ ಸಲವೂ ಅದೇ ಕೆಟ್ಟ ಪ್ರತಿಯನ್ನು ಓದಿ ಅದೇ ಉತ್ತರ ಕೊಡಬಹುದು.

ಈ ಪರೀಕ್ಷೆಯಲ್ಲಿ ಎಸ್‌ಎಸ್‌ಡಿಗೆ ಪಾತ್ರವೇ ಇಲ್ಲ. ಸಾಟಾ ಕೇಬಲ್‌ಗೂ ಇಲ್ಲ. ಉಳಿದದ್ದು ರ‍್ಯಾಮ್, ಪ್ರೊಸೆಸರ್, ಮದರ್‌ಬೋರ್ಡ್. ಇದರಲ್ಲಿ ಹೆಚ್ಚಾಗಿ ಕೈಕೊಡುವುದು ರ‍್ಯಾಮ್. ಯಾವ ಸಾಫ್ಟ್‌ವೇರೂ ಹಾಕದೆ, ವಿಂಡೋಸ್ ಜೊತೆಗೇ ಬರುವ ಕಮಾಂಡ್‌ನಿಂದ ಇಷ್ಟು ದೂರ ಬರಬಹುದು. ನನಗೆ ಈ ಪರೀಕ್ಷೆ ತುಂಬ ಇಷ್ಟ.

ರ‍್ಯಾಮ್ ಪರೀಕ್ಷೆ

ವಿಂಡೋಸ್‌ನಲ್ಲೇ 'ಎಂಡಿಶೆಡ್' (mdsched) ಎಂಬ ಮೆಮೊರಿ ಪರೀಕ್ಷೆ ಇದೆ. ಶುರುವಾದ ಮೇಲೆ ಎಫ್1 ಒತ್ತಿ 'ಎಕ್ಸ್‌ಟೆಂಡೆಡ್' ಆರಿಸಿಕೊಂಡರೆ ಇನ್ನೂ ಆಳವಾಗಿ ನೋಡುತ್ತದೆ. ಅದು ತಪ್ಪು ತೋರಿಸಿದರೆ ನಂಬಬಹುದು. ತಪ್ಪಿಲ್ಲ ಎಂದರೆ ನಾನು ಅಷ್ಟಕ್ಕೇ ನಂಬುವುದಿಲ್ಲ. ಮೆಮ್‌ಟೆಸ್ಟ್86+ ಎಂಬ ಉಚಿತ ಸಾಧನವನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿ, ರಾತ್ರಿಯಿಡೀ ಓಡಲು ಬಿಡುತ್ತೇನೆ. ಕೆಲವು ತಪ್ಪು ಮೊದಲ ಸುತ್ತಿನಲ್ಲಿ ಕಾಣುವುದಿಲ್ಲ, ಮೆಮೊರಿ ಬಿಸಿಯಾದ ಮೇಲೆ ಕಾಣುತ್ತವೆ.

ಅದಕ್ಕೂ ಮುಂಚೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ ಆಫ್ ಮಾಡಿದೆ. ಎಕ್ಸ್‌ಎಂಪಿ ಎಂದರೆ ಮೆಮೊರಿಯನ್ನು ಸಾಮಾನ್ಯ ವೇಗಕ್ಕಿಂತ ಮೇಲೆ ಓಡಿಸುವ ಸೆಟ್ಟಿಂಗ್. ಕೆಲವು ಸಲ ಸ್ಟಿಕ್ ಚೆನ್ನಾಗಿಯೇ ಇರುತ್ತದೆ, ಆ ವೇಗ ಮಾತ್ರ ಆ ಬೋರ್ಡ್‌ನಲ್ಲಿ ಒಗ್ಗುವುದಿಲ್ಲ. ಆಫ್ ಮಾಡಿದಾಗ ತಪ್ಪು ನಿಂತರೆ ಹಾಗೇ ಬಳಸಬಹುದು, ಏನೂ ಕೊಳ್ಳಬೇಕಿಲ್ಲ.

ನಮ್ಮಲ್ಲಿ ನಿಲ್ಲಲಿಲ್ಲ. ಕೆಂಪು ಸಾಲುಗಳು ಬಂದವು, ಸುಮಾರು ಒಂದೇ ವಿಳಾಸದ ಆಸುಪಾಸಿನಲ್ಲಿ. ಪವರ್ ಕೇಬಲ್ ತೆಗೆದು, ಎರಡೂ ಸ್ಟಿಕ್ ಬಿಚ್ಚಿ, ಒಂದೊಂದನ್ನೇ ಅದೇ ಸ್ಲಾಟ್‌ಗೆ ಹಾಕಿ ಪರೀಕ್ಷೆ ಮಾಡಿದೆ. ಒಂದು ಸ್ಟಿಕ್ ಶುದ್ಧವಾಗಿತ್ತು. ಇನ್ನೊಂದು ತಪ್ಪು ತೋರಿಸಿತು. ಅದನ್ನು ಬೇರೆ ಸ್ಲಾಟ್‌ಗೆ ಹಾಕಿದರೂ ತಪ್ಪು ಅದರ ಜೊತೆಗೇ ಬಂತು. ಹಾಗಾಗಿ ಸ್ಲಾಟ್ ಅಥವಾ ಬೋರ್ಡ್‌ದು ತಪ್ಪಲ್ಲ ಎಂದು ಖಾತ್ರಿ ಆಯಿತು. ಈ ಕೊನೆಯ ಹೆಜ್ಜೆಯನ್ನು ಬಿಡಬೇಡಿ. ಸ್ಲಾಟ್ ಕೆಟ್ಟಿದ್ದರೆ ಹೊಸ ಸ್ಟಿಕ್ ತಂದು ಹಾಕಿದರೂ ಅದೇ ಪಾಡು. ಮೆಮೊರಿ ವಿಷಯದಲ್ಲಿ 'ಒಂದೆರಡು ತಪ್ಪು ಪರವಾಗಿಲ್ಲ' ಎಂಬುದು ಇಲ್ಲ. ಸೊನ್ನೆ ಇರಬೇಕು, ಅಷ್ಟೇ.

ಕೆಟ್ಟ ಸ್ಟಿಕ್ ಪಕ್ಕಕ್ಕಿಟ್ಟು, ಒಂದೇ ಸ್ಟಿಕ್‌ನಲ್ಲಿ ವಿಂಡೋಸ್ ಏರಿಸಿದೆ. ಪೆನ್‌ಡ್ರೈವ್‌ನ ಐಎಸ್‌ಒಗೆ ಮತ್ತೆ ಹ್ಯಾಶ್ ಲೆಕ್ಕ ಹಾಕಿದೆ. ತಾಳೆ ಆಯಿತು. ಇನ್ನು ರಿಪೇರಿ ಶುರು ಮಾಡಬಹುದು.

ಡಿಸ್ಮ್ ಮೊದಲು, ಎಸ್‌ಎಫ್‌ಸಿ ಆಮೇಲೆ

'ಎಸ್‌ಎಫ್‌ಸಿ /ವೆರಿಫೈಓನ್ಲಿ' ಈಗ ತೋರಿಸಿದ ಪಟ್ಟಿ ತುಂಬ ಚಿಕ್ಕದು. ಹಿಂದಿನ ಎರಡೂ ಪಟ್ಟಿಗಳಲ್ಲಿ ಇದ್ದ ಹೆಸರುಗಳೇ. ಅವು ಮಾತ್ರ ಡಿಸ್ಕ್ ಮೇಲೆ ನಿಜವಾಗಿ ಕೆಟ್ಟಿದ್ದವು. ಅಪ್‌ಡೇಟ್ ಆಗುವಾಗ ಫೈಲ್‌ಗಳನ್ನು ರ‍್ಯಾಮ್‌ನಲ್ಲೇ ಬಿಚ್ಚಿ, ಜೋಡಿಸಿ, ನಂತರ ಡಿಸ್ಕ್‌ಗೆ ಬರೆಯುತ್ತದೆ. ಆಗಲೇ ಇವು ಹಾಳಾಗಿರಬೇಕು.

ಸ್ಟೋರ್‌ನಲ್ಲೇ ಕೆಟ್ಟ ಪ್ರತಿ ಇದ್ದಾಗ ಮೊದಲು ಸ್ಟೋರ್ ಸರಿಮಾಡಬೇಕು. ಅದಕ್ಕೆ ವಿಂಡೋಸ್ ಜೊತೆಗೇ ಬರುವ ಇನ್ನೊಂದು ಕಮಾಂಡ್, ಡಿಸ್ಮ್. ಆನ್‌ಲೈನ್‌ನಲ್ಲೇ ಸ್ಟೋರ್ ಸರಿಪಡಿಸುವ ಈ ಸೌಲಭ್ಯ ವಿಂಡೋಸ್ 8ರಿಂದ, ಅಂದರೆ 2012ರಿಂದ ಇದೆ. ಮೂರು ಆಯ್ಕೆಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. 'ಚೆಕ್‌ಹೆಲ್ತ್' ಹೊಸದಾಗಿ ಏನೂ ಪರೀಕ್ಷೆ ಮಾಡುವುದಿಲ್ಲ, ಹಿಂದೆ ಯಾರಾದರೂ 'ಕೆಟ್ಟಿದೆ' ಎಂದು ಗುರುತು ಹಾಕಿದ್ದಾರೆಯೇ ಎಂದು ನೋಡುತ್ತದೆ. ಅದಕ್ಕೇ ಕ್ಷಣದಲ್ಲಿ ಮುಗಿಯುತ್ತದೆ. 'ಸ್ಕ್ಯಾನ್‌ಹೆಲ್ತ್' ನಿಜವಾದ ಪರೀಕ್ಷೆ. 'ರಿಸ್ಟೋರ್‌ಹೆಲ್ತ್' ಪರೀಕ್ಷೆ ಮಾಡಿ ಸರಿಯೂ ಮಾಡುತ್ತದೆ.

'ಡಿಸ್ಮ್ /ಆನ್‌ಲೈನ್ /ಕ್ಲೀನಪ್-ಇಮೇಜ್ /ಸ್ಕ್ಯಾನ್‌ಹೆಲ್ತ್' ಕೊಟ್ಟಾಗ ಸ್ಟೋರ್ ರಿಪೇರಿ ಮಾಡಬಹುದಾದ ಸ್ಥಿತಿಯಲ್ಲಿದೆ ಎಂದಿತು. ಒಳ್ಳೆಯ ಸುದ್ದಿ.

ಏನೂ ಹೇಳದಿದ್ದರೆ ರಿಸ್ಟೋರ್‌ಹೆಲ್ತ್ ಒಳ್ಳೆಯ ಫೈಲ್‌ಗಳನ್ನು ವಿಂಡೋಸ್ ಅಪ್‌ಡೇಟ್‌ನಿಂದ ತರುತ್ತದೆ. ಆದರೆ ಅಪ್‌ಡೇಟೇ ಕೈಕೊಡುತ್ತಿದ್ದ ಮಷೀನ್ ಇದು. ಹಾಗಾಗಿ ಐಎಸ್‌ಒ ಮೇಲೆ ಡಬಲ್ ಕ್ಲಿಕ್ ಮಾಡಿ ಮೌಂಟ್ ಮಾಡಿದೆ. ಇ: ಎಂಬ ಡ್ರೈವ್ ಬಂತು. ಸೋರ್ಸಸ್ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್.ವಿಮ್ ಇತ್ತು. ಅದರೊಳಗೆ ಹೋಮ್, ಪ್ರೊ ಎಂದು ಹಲವು ಆವೃತ್ತಿಗಳು ಇರುತ್ತವೆ, ಪ್ರತಿಯೊಂದಕ್ಕೂ ಒಂದು ಇಂಡೆಕ್ಸ್ ಸಂಖ್ಯೆ. 'ಡಿಸ್ಮ್ /ಗೆಟ್-ವಿಮ್‌ಇನ್ಫೋ /ವಿಮ್‌ಫೈಲ್:' ಎಂದು ಫೈಲ್‌ನ ದಾರಿ ಕೊಟ್ಟರೆ ಪಟ್ಟಿ ಬರುತ್ತದೆ. ನಿಮ್ಮಲ್ಲಿರುವ ಆವೃತ್ತಿಯ ಸಂಖ್ಯೆಯನ್ನೇ ಕೊಡಬೇಕು. ಕೆಲವು ಮೀಡಿಯಾದಲ್ಲಿ ವಿಮ್ ಬದಲು ಇಎಸ್‌ಡಿ ಫೈಲ್ ಇರುತ್ತದೆ. ಆಗ ಫೈಲ್ ಹೆಸರಿನಲ್ಲೂ ಮುಂದೆ ಬರುವ '/ಸೋರ್ಸ್:' ಭಾಗದಲ್ಲೂ ವಿಮ್ ಬದಲು ಇಎಸ್‌ಡಿ ಎಂದು ಬರೆಯಿರಿ.

ರಿಸ್ಟೋರ್‌ಹೆಲ್ತ್ ಮುಂದೆ '/ಸೋರ್ಸ್:ವಿಮ್:' ಎಂದು ದಾರಿ, ಇಂಡೆಕ್ಸ್ ಕೊಟ್ಟು, ಕೊನೆಗೆ '/ಲಿಮಿಟ್‌ಆ್ಯಕ್ಸೆಸ್' ಸೇರಿಸಿದೆ. ಇಂಟರ್‌ನೆಟ್ ಕಡೆ ಹೋಗಬೇಡ, ಇಲ್ಲೇ ಹುಡುಕು ಎಂದು ಅದರ ಅರ್ಥ. ಶೇಕಡಾ 62.3ರ ಹತ್ತಿರ ಅದು ತುಂಬ ಹೊತ್ತು ನಿಂತಿತು. ಎಷ್ಟೋ ಜನ ಇಲ್ಲಿ ಹೆದರಿ ಕಿಟಕಿ ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ ಅಥವಾ ಪ್ರೊಸೆಸರ್ ಕೆಲಸ ಮಾಡುತ್ತಿದ್ದರೆ ಅದೂ ಕೆಲಸ ಮಾಡುತ್ತಿದೆ ಎಂದೇ ಅರ್ಥ.

ಮುಗಿದಾಗ ಬಂದದ್ದು 0ಎಕ್ಸ್800ಎಫ್081ಎಫ್. ಸೋರ್ಸ್ ಫೈಲ್ ಸಿಗಲಿಲ್ಲ ಎಂಬ ತಪ್ಪು. ಸಿಬಿಎಸ್.ಲಾಗ್‌ನ ಕೊನೆಯಲ್ಲಿ ಒಂದು ಸಾರಾಂಶ ಇರುತ್ತದೆ. ಎಷ್ಟು ಕೆಟ್ಟದ್ದು ಸಿಕ್ಕಿತು, ಎಷ್ಟು ಸರಿಯಾಯಿತು ಎಂಬ ಲೆಕ್ಕ ಅದರಲ್ಲಿದೆ. ಹೆಚ್ಚಿನವು ಸರಿಯಾಗಿದ್ದವು, ಸ್ವಲ್ಪ ಉಳಿದಿದ್ದವು. ಉಳಿದವುಗಳ ಹೆಸರಿನ ಪಕ್ಕದಲ್ಲಿದ್ದ ಬಿಲ್ಡ್ ಸಂಖ್ಯೆ ನೋಡಿದಾಗ ಕಾರಣ ತಿಳಿಯಿತು. ಅವು ಐಎಸ್‌ಒ ತಯಾರಾದ ನಂತರ ತಿಂಗಳ ಅಪ್‌ಡೇಟ್‌ನಲ್ಲಿ ಬಂದ ಫೈಲ್‌ಗಳು. ಹಳೆಯ ಐಎಸ್‌ಒದಲ್ಲಿ ಅವು ಇರಲು ಸಾಧ್ಯವೇ ಇಲ್ಲ. ಈ ಕೋಡ್ ಕಂಡ ಕೂಡಲೇ 'ಐಎಸ್‌ಒ ಕೆಟ್ಟಿದೆ' ಎಂದು ತೀರ್ಮಾನಿಸುವ ಮುಂಚೆ 'ವಿನ್‌ವರ್' ಕೊಟ್ಟು ಬಿಲ್ಡ್ ಹೋಲಿಸಿ ನೋಡಿ.

ಪರಿಹಾರ ಸರಳ. ಲಿಮಿಟ್‌ಆ್ಯಕ್ಸೆಸ್ ತೆಗೆದು ಅದೇ ಕಮಾಂಡ್ ಮತ್ತೆ ಕೊಟ್ಟೆ. ಐಎಸ್‌ಒದಲ್ಲಿ ಸಿಗದ್ದನ್ನು ವಿಂಡೋಸ್ ಅಪ್‌ಡೇಟ್‌ನಿಂದ ತಂದಿತು. ಈ ಸಲ 'ರಿಸ್ಟೋರ್ ಕೆಲಸ ಯಶಸ್ವಿ' ಎಂದು ಬಂತು. ನಂತರ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ'. ಕೆಟ್ಟ ಫೈಲ್‌ಗಳು ಸಿಕ್ಕಿದವು, ಸರಿಪಡಿಸಿದೆ ಎಂದಿತು. ರೀಸ್ಟಾರ್ಟ್ ಮಾಡಿ ಇನ್ನೊಮ್ಮೆ ಓಡಿಸಿದಾಗ ಯಾವ ದೋಷವೂ ಇಲ್ಲ. ಸೆಟ್ಟಿಂಗ್ಸ್ ತೆರೆಯಿತು, ತೆರೆದೇ ಉಳಿಯಿತು. ನಿಂತಿದ್ದ ಅಪ್‌ಡೇಟ್ ಕೂಡ ಇಳಿಯಿತು.

ಡಿಸ್ಮ್ ಕೂಡ ಸೋತಿದ್ದರೆ ನಾನು ಮಾಡುತ್ತಿದ್ದದ್ದು ಇನ್-ಪ್ಲೇಸ್ ಅಪ್‌ಗ್ರೇಡ್. ವಿಂಡೋಸ್ ನಡೆಯುತ್ತಿರುವಾಗಲೇ ಐಎಸ್‌ಒದ ಸೆಟಪ್ ಓಡಿಸಿ, 'ಫೈಲ್‌ಗಳನ್ನೂ ಆ್ಯಪ್‌ಗಳನ್ನೂ ಉಳಿಸು' ಎಂದು ಆರಿಸುವುದು. ಭಾಷೆ, ಆವೃತ್ತಿ ಹೊಂದಬೇಕು, ಬಿಲ್ಡ್ ಈಗಿನದ್ದೋ ಹೊಸದೋ ಆಗಿರಬೇಕು. ಇಲ್ಲದಿದ್ದರೆ ಆ ಆಯ್ಕೆ ಮಸುಕಾಗಿ ಕಾಣುತ್ತದೆ. ಮಷೀನ್ ಏಳುವುದೇ ಇಲ್ಲ ಎಂದಾದರೆ ರಿಕವರಿ ಪರಿಸರದಿಂದ ಎಸ್‌ಎಫ್‌ಸಿಯನ್ನು '/ಆಫ್‌ಬೂಟ್‌ಡಿರ್', '/ಆಫ್‌ವಿನ್‌ಡಿರ್' ಜೊತೆ ಓಡಿಸಬಹುದು. ಅಲ್ಲಿ ಡ್ರೈವ್ ಅಕ್ಷರಗಳು ಬದಲಾಗಿರಬಹುದು. ವಿಂಡೋಸ್ ಫೋಲ್ಡರ್ ಯಾವ ಡ್ರೈವ್‌ನಲ್ಲಿದೆ ಎಂದು ನೋಡಿಕೊಂಡೇ ಕಮಾಂಡ್ ಕೊಡಿ.

ಒಂದನ್ನು ಮಾತ್ರ ನಾನು ಎಂದೂ ಮಾಡುವುದಿಲ್ಲ. ಯಾವುದೋ ಸೈಟ್‌ನಿಂದ ಬಿಡಿ ಡಿಎಲ್‌ಎಲ್ ಇಳಿಸಿ ಸಿಸ್ಟಂ32ಕ್ಕೆ ಹಾಕುವುದು. ಅದು ಯಾವ ಬಿಲ್ಡ್‌ನದು, ಯಾರು ಮುಟ್ಟಿದ್ದಾರೆ ಎಂದು ತಿಳಿಯುವ ದಾರಿ ಇಲ್ಲ. 'ಒಂದೇ ಕ್ಲಿಕ್‌ನಲ್ಲಿ ಎಲ್ಲ ಸರಿ' ಎನ್ನುವ ರಿಜಿಸ್ಟ್ರಿ ಕ್ಲೀನರ್‌ಗಳೂ ಅಷ್ಟೇ. ಸರಿಯಾದ ಫೈಲ್‌ಗಳನ್ನು ತಯಾರಕರಿಂದಲೇ ಉಚಿತವಾಗಿ ತರಿಸುವ ಸಾಧನ ಮಷೀನ್‌ನಲ್ಲೇ ಇರುವಾಗ ಅವುಗಳ ಹಂಗು ಯಾಕೆ?

ಅಕ್ಕನ ಫೈಲ್‌ಗಳು

ನನ್ನನ್ನು ಹೆಚ್ಚು ಕಾಡಿದ್ದು ಇದು. ಸಿಸ್ಟಂ ಫೈಲ್‌ಗಳಿಗೆ ಮೈಕ್ರೋಸಾಫ್ಟ್ ಹ್ಯಾಶ್ ಇಟ್ಟಿದೆ, ಹೋಲಿಸಬಹುದು. ಅಕ್ಕನ ಲೆಕ್ಕದ ಫೈಲ್, ಫೋಟೋ, ಪಿಡಿಎಫ್‌ಗಳಿಗೆ ಯಾರು ಹ್ಯಾಶ್ ಇಟ್ಟಿದ್ದಾರೆ? ಕೆಟ್ಟ ರ‍್ಯಾಮ್ ಇದ್ದ ಕಾಲದಲ್ಲಿ ಸೇವ್ ಆದ ಯಾವ ಫೈಲ್‌ನಲ್ಲಾದರೂ ಒಂದು ಬಿಟ್ ತಿರುಗಿರಬಹುದು. ಎಸ್‌ಎಫ್‌ಸಿ ಅದನ್ನು ನೋಡುವುದೇ ಇಲ್ಲ.

ಕೆಲವು ಬಗೆಯ ಫೈಲ್‌ಗಳನ್ನು ಮಾತ್ರ ಪರೀಕ್ಷೆ ಮಾಡಲು ಸಾಧ್ಯ. ಜಿಪ್ ಫೈಲ್ ಒಳಗೆ ಪ್ರತಿ ಫೈಲ್‌ಗೂ ಸಿಆರ್‌ಸಿ ಎಂಬ ಮೊತ್ತ ಇರುತ್ತದೆ. 7-ಜಿಪ್‌ನಲ್ಲಿ 'ಟೆಸ್ಟ್' ಒತ್ತಿದರೆ ತಾಳೆ ನೋಡುತ್ತದೆ. ಈಗಿನ ಎಕ್ಸೆಲ್, ವರ್ಡ್ ಫೈಲ್‌ಗಳು ಒಳಗೆ ಜಿಪ್‌ಗಳೇ. ಅವನ್ನೂ ಹೀಗೇ ಪರೀಕ್ಷೆ ಮಾಡಬಹುದು. ಬ್ಯಾಕಪ್ ಡಿಸ್ಕ್‌ನಲ್ಲಿ ಎಕ್ಸೆಲ್, ವರ್ಡ್, ಜಿಪ್ ಎಲ್ಲವನ್ನೂ ಲ್ಯಾಪ್‌ಟಾಪ್‌ನಿಂದ ಟೆಸ್ಟ್ ಮಾಡಿದೆ. ಒಂದು ಎಕ್ಸೆಲ್ ಫೈಲ್ ಸಿಆರ್‌ಸಿ ತಪ್ಪು ತೋರಿಸಿತು. ಅದರ ಹಳೆಯ ಪ್ರತಿ ಅಕ್ಕನ ಇಮೇಲ್‌ನಲ್ಲಿ ಇತ್ತು. ಅದನ್ನು ಇಳಿಸಿ, ನಂತರದ ನಮೂದುಗಳನ್ನು ಅವಳೇ ಕೂತು ತುಂಬಿದಳು. ಜೆಪೆಗ್ ಫೋಟೋಗಳಿಗೆ ಇಂಥ ಮೊತ್ತ ಇಲ್ಲ. ಈಚಿನ ಫೋಟೋಗಳನ್ನು ಕಣ್ಣಿಂದ ನೋಡಿದ್ದಷ್ಟೇ. ಫೋನಿನಲ್ಲಿ ಮೂಲ ಇದ್ದವನ್ನು ಮತ್ತೆ ಅಲ್ಲಿಂದಲೇ ತೆಗೆದುಕೊಂಡೆವು.

ಕೆಟ್ಟ ಸ್ಟಿಕ್ ವಾರಂಟಿಯಲ್ಲೇ ಇತ್ತು. ಜೋಡಿಯಾಗಿ ಬಂದ ಕಿಟ್ ಆದ್ದರಿಂದ ಎರಡನ್ನೂ ಕಳಿಸಬೇಕಾಯಿತು, ಹೊಸ ಜೋಡಿ ಬಂತು. ಹಾಕಿದ ಕೂಡಲೇ ವಿಂಡೋಸ್ ಏರಿಸಲಿಲ್ಲ. ಮೊದಲು ಎಕ್ಸ್‌ಎಂಪಿ ಇಲ್ಲದೆ ಮೆಮ್‌ಟೆಸ್ಟ್, ಆಮೇಲೆ ಎಕ್ಸ್‌ಎಂಪಿ ಆನ್ ಮಾಡಿ ಇನ್ನೊಂದು ರಾತ್ರಿ. ಎರಡೂ ಸೊನ್ನೆ. ನಂತರ ಪೆನ್‌ಡ್ರೈವ್‌ನ ಐಎಸ್‌ಒ ಹ್ಯಾಶ್, ಅದೂ ತಾಳೆ. ಮುಂದಿನ ತಿಂಗಳ ಅಪ್‌ಡೇಟ್ ಬಂದ ಮೇಲೆ ಸ್ಕ್ಯಾನ್‌ಹೆಲ್ತ್, ಎಸ್‌ಎಫ್‌ಸಿ ಎರಡನ್ನೂ ಇನ್ನೊಮ್ಮೆ ಓಡಿಸಿ ನೋಡಿದೆ. ಯಾವ ಹೆಸರೂ ಬರಲಿಲ್ಲ.